ಕುಳತ್ತೆರುವಿನ ಜಗಲಿ

ವೇದವತಿಗೆ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಯುವುದೆಂದರೆ ನೀರು ಕುಡಿದಷ್ಟು ಸುಲಭ. ತಿರುವನಂತಪುರದ ಕೇಂದ್ರ ಸರಕಾರಿ ಲೆಕ್ಕ ತನಿಖೆಯ ಕಚೇರಿಯೊಂದರಲ್ಲಿ ಇಡೀ ನೌಕರಿಯನ್ನು ಅವಳು ಅದರಲ್ಲೇ ಸವೆಸಿದ್ದಳು. ಅವಳ ಆಕ್ಷೇಪಣೆಗೆ ಉತ್ತರ ಹೊಂದಿಸಲಾಗದೆ ದೊಡ್ಡ ದೊಡ್ಡ ಇಂಜಿನಿಯರುಗಳು ತಲೆ ಕೆರೆದುಕೊಂಡದ್ದುಂಟು. ಉದ್ದ, ಅಗಲ, ಎತ್ತರ, ನಿಯಮದ ಸಂಖ್ಯೆ, ಇವು ಯಾವುದೂ ಇಲ್ಲದ ವಾಕ್ಯ ಅವಳ ಪೆನ್ನಿನಿಂದ ಇಳಿಯುತ್ತಿರಲಿಲ್ಲ. ಅಳತೆಗೆ ಸಿಗದ ಮಾತನ್ನು ಕಾಗದದ ಮೇಲೆ ಇಡುವುದು ಸೋಮಾರಿಗಳ ಕೆಲಸವೆಂದು ಹೊಸದಾಗಿ ಸೇರಿದವರನ್ನು ಗದರುತ್ತಿದ್ದಳು. ಆ ಹೆಮ್ಮೆಯೇ ಕಡೆಗೆ ಅವಳ ಕುತ್ತಿಗೆಗೆ ಬಂತು.

ಅವಳು ಪುತ್ತೂರಿನ ಕಡೆಯವಳು. ನೌಕರಿ ಸಿಕ್ಕಿ ಟ್ರಂಕು ಹೊತ್ತುಕೊಂಡು ಬಂದಾಗ ಮಲಯಾಳದ ಗಂಧಗಾಳಿ ಇರಲಿಲ್ಲ. ದೊಡ್ಡ ದೇವಸ್ಥಾನದ ಸುತ್ತಿನ ಹಳೆಯ ಕೋಟೆಯ ಒಳಗೆ ಕುಳತ್ತೆರುವಿನಲ್ಲಿ ಕನ್ನಡ ಮಾತಾಡುವ ಮನೆಯೊಂದಿದೆ ಎಂದು ಯಾರೋ ಹೇಳಿದರು. ಕುಳತ್ತೆರುವು ಎಂದರೆ ಕೆರೆಬೀದಿ. ಕೆರೆಯನ್ನು ಮುಚ್ಚಿ ಅದರ ಮೇಲೆ ಕಾರು ನಿಲ್ಲಿಸುವ ಜಾಗ ಮಾಡಿ ಯಾವ ಕಾಲವಾಯಿತೋ, ಹೆಸರು ಮಾತ್ರ ಉಳಿದಿದೆ. ಆ ಕನ್ನಡದ ಮನೆ ಶಾಂತಕ್ಕನದು. ಅವರ ಗಂಡನ ಹಿರಿಯರು ದೇವಸ್ಥಾನದ ಕೆಲಸಕ್ಕೆಂದು ಕಾಸರಗೋಡಿನ ಕಡೆಯಿಂದ ಬಂದು ಇಲ್ಲೇ ಬೇರು ಬಿಟ್ಟವರು. ಗಂಡ ಬೇಗ ತೀರಿಕೊಂಡರು, ಮಕ್ಕಳಿರಲಿಲ್ಲ. ಶಾಂತಕ್ಕ ಮಾಳಿಗೆಯ ಕೋಣೆ ತೋರಿಸಿ, ಬಿಸಿ ಗಂಜಿಯ ಜೊತೆಗೆ ಮಾವಿನ ಮಿಡಿ ಬಡಿಸಿ, "ಇನ್ನು ಊರಿನ ನೆನಪಾಗಿ ಬೇಜಾರು ಬಂದ್ರೆ ಕೆಳಗೆ ಬಾ, ನಾನು ಉಂಟು," ಎಂದಿದ್ದರು. ಮುಂದೆ ಬ್ಯಾಂಕಿನ ದಿನಕರನನ್ನು ಮದುವೆಯಾಗಿ ಮನೆ ಕೊಳ್ಳುವ ಹೊತ್ತು ಬಂದಾಗ ವೇದವತಿ ಬೇರೆಲ್ಲೂ ನೋಡಲಿಲ್ಲ. ಅದೇ ಬೀದಿಯ ಇನ್ನೊಂದು ತುದಿಯ ಮನೆಯನ್ನೇ ಹಿಡಿದಳು.

ಬೀದಿಯ ಒಂದು ಮಗ್ಗುಲಿಗೆ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ನಡುವಿನ ಗೋಡೆ ಇಬ್ಬರಿಗೂ ಸೇರಿದ್ದು. ಹೆಂಚಿನ ಮಾಡು, ಮರದ ಕಿಟಕಿ, ಮುಂದೆ ಕಲ್ಲಿನ ಜಗಲಿ. ಈ ಜಗಲಿ ಮನೆಗೊಂದರಂತೆ ಇಲ್ಲ, ಈ ತುದಿಯಿಂದ ಆ ತುದಿಗೆ ಒಂದೇ. ಜಗಲಿ ಸಮತಟ್ಟು, ಬೀದಿ ಮಾತ್ರ ಇಳಿಜಾರು. ಹಾಗಾಗಿ ಮೇಲಿನ ತುದಿಯಲ್ಲಿರುವ ವೇದವತಿಯ ಮನೆಯಲ್ಲಿ ಜಗಲಿಯಿಂದ ರಸ್ತೆಗೆ ಸುಮ್ಮನೆ ಕಾಲಿಟ್ಟರಾಯಿತು. ಕೆಳಗಿನ ತುದಿಯ ಶಾಂತಕ್ಕನ ಮನೆಯಲ್ಲಿ ಕಡಿದಾದ ಕಲ್ಲುಮೆಟ್ಟಿಲು ಇಳಿಯಬೇಕು, ಹಿಡಿದುಕೊಳ್ಳಲು ಒಂದು ಕಂಬವೂ ಇಲ್ಲ.

ಆದರೆ ಕೆಳಗಿನವರು ಮೆಟ್ಟಿಲು ಇಳಿಯಬೇಕಾದ ಪ್ರಮೇಯವೇ ಇರಲಿಲ್ಲ. ಜಗಲಿಯ ಮೇಲೇ ನಡೆದು, ಎಲ್ಲರ ಮನೆಯ ಮುಂದೆ ಹಾದು, ಮೇಲಿನ ತುದಿಗೆ ಬಂದರೆ ರಸ್ತೆ, ಆಟೋ, ದೇವಸ್ಥಾನ ಎಲ್ಲ ಕೈಗೆ ಸಿಗುತ್ತಿದ್ದವು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಜಗಲಿಯಲ್ಲಿ ಪೇಪರು ಓದುತ್ತ ಕೂತವರು ಕಾಲು ಮಡಚಿಕೊಂಡರೆ ಅದೇ ಅಪ್ಪಣೆ. ಮಳೆಗಾಲದಲ್ಲಿ ಶಾಂತಕ್ಕ ಕೆಸುವಿನ ಎಲೆಯ ಪತ್ರೊಡೆ ಮಾಡಿದರೆ ಕೊಡೆಯಿಲ್ಲದೆ ಬಟ್ಟಲು ಹಿಡಿದು ಬರುತ್ತಿದ್ದರು, ಸೆರಗಿಗೆ ಒಂದು ಹನಿಯೂ ತಾಗುತ್ತಿರಲಿಲ್ಲ. ಮಂಡಿ ಹೋದ ಮೇಲೂ, ವಾಕರ್ ಬಂದ ಮೇಲೂ, ಸಂಜೆಗೆ ಟಕ್ ಟಕ್ ಎಂದು ಜಗಲಿಯುದ್ದಕ್ಕೂ ಬಂದು ವೇದವತಿಯ ಮನೆಯಲ್ಲಿ ಕೂತು ಹೊಟ್ಟೆ ತುಂಬ ಕನ್ನಡ ಮಾತಾಡಿ ಹೋಗುವುದು ಅವರ ಕ್ರಮ. "ನಿನ್ನ ಮಗಳಿಗೆ ನಾನು ಹೇಳಿದ್ದು ಅರ್ಥ ಆಗ್ತದೆ, ಉತ್ತರ ಮಾತ್ರ ಮಲಯಾಳದಲ್ಲೇ ಕೊಡ್ತಾಳೆ. ಅದಕ್ಕೇ ನೀನು ಬೇಕು ನನಗೆ," ಎನ್ನುತ್ತಿದ್ದರು. ಇದೆಲ್ಲ ಉಸಿರಾಟದ ಹಾಗೆ ನಡೆದುಕೊಂಡು ಹೋಗುತ್ತಿದ್ದ ಸಂಗತಿ. ಉಸಿರಾಟದ ಬಗ್ಗೆ ಯಾರಾದರೂ ಟಿಪ್ಪಣಿ ಬರೆಯುತ್ತಾರೆಯೇ?

ಟಿಪ್ಪಣಿ ಬರೆಯುವ ಸಂದರ್ಭ ಬಂದದ್ದು ಬೇರೆ ಕಾರಣಕ್ಕೆ. ಬೀದಿಯ ಹಿಂದೆ ಯಾರೋ ಬಿಲ್ಡರ್ ಹತ್ತಾರು ಮಹಡಿಯ ಕಟ್ಟಡ ಎಬ್ಬಿಸುವ ಸುದ್ದಿ ಹಬ್ಬಿತು. ಅದೇ ಸಮಯಕ್ಕೆ ಬೀದಿಯ ನಡುವಿನ ಮನೆಯವನೊಬ್ಬ ಕಾರು ಒಳಗೆ ತರಬೇಕೆಂದು ತನ್ನ ಮುಂದಿನ ಜಗಲಿಯನ್ನೇ ಒಡೆಯಲು ಹೊರಟ. ವೇದವತಿಗೆ ಮೈಯೆಲ್ಲ ಉರಿದುಹೋಯಿತು. ಊರಿನ ಹೊಸ ಯೋಜನೆ ಆಗ ತಯಾರಾಗುತ್ತಿತ್ತು, ಹಳೆಯ ಬೀದಿಗಳನ್ನು ಪಾರಂಪರಿಕ ವಲಯವೆಂದು ಸೇರಿಸಿ ಕಾಪಾಡುವ ಮಾತೂ ಇತ್ತು. ನಿವಾಸಿಗಳ ಸಂಘದವರು ಬಂದು, "ಚೇಚ್ಚಿ, ಇದು ನಿಮ್ಮ ಕೈಯಲ್ಲೇ ಆಗಬೇಕು," ಎಂದು ಕೂತರು. ಅವಳು ಟೇಪು ಹಿಡಿದು ಬೀದಿ ಅಳೆದಳು. ಮಾಡಿನ ಎತ್ತರ, ಹೆಂಚಿನ ಬಗೆ, ಕಿಟಕಿಯ ಅಗಲ, ಗೋಡೆಯ ಬಣ್ಣ, ಎಲ್ಲವನ್ನೂ ಬರೆದಳು. ಕಾರಿನವನಿಗೆಂದೇ ಒಂದು ಕಟ್ಟಲೆಯನ್ನು ಹಲ್ಲು ಕಚ್ಚಿ ಸೇರಿಸಿದಳು. ಬೀದಿಗೆ ಮುಖ ಮಾಡಿದ ಜಗಲಿಯ ಅಂಚನ್ನು ಕಡಿಯಬಾರದು, ಅದಕ್ಕೆ ಹೊಸ ಮೆಟ್ಟಿಲಾಗಲಿ ಇಳಿಜಾರಾಗಲಿ ಕಟ್ಟಬಾರದು ಎಂದು.

ಅವಳ ಮನವಿ ಹೆಚ್ಚುಕಡಿಮೆ ಹಾಗೆಹಾಗೇ ನಿಯಮವಾಗಿ ಬಂತು. ಬಿಲ್ಡರ್ ಗಂಟುಮೂಟೆ ಕಟ್ಟಿದ. ಕಾರಿನವನು ಮುಖ ಊದಿಸಿಕೊಂಡು ಮನೆ ಮಾರಿ ಹೋದ. ಬೀದಿಯವರೆಲ್ಲ ಜಗಲಿಯ ಮೇಲೆ ಸಾಲಾಗಿ ಕೂತು ಅಡಪ್ರಥಮನ್ ಪಾಯಸ ಕುಡಿದರು. ಆಗಿನ್ನೂ ವಾಕರ್ ಬಂದಿರಲಿಲ್ಲ, ಶಾಂತಕ್ಕ ಬಡಿಸುತ್ತ ಆ ತುದಿಯಿಂದ ಈ ತುದಿಗೆ ಓಡಾಡಿದರು. ಸರಕಾರದ ಕಾಗದದಲ್ಲಿ ತನ್ನ ವಾಕ್ಯಗಳನ್ನು ನೋಡಿ ವೇದವತಿಗೆ ಆದ ಖುಷಿ ಮಗಳು ನಿಶಾ ಹುಟ್ಟಿದಾಗ ಆದದ್ದಕ್ಕಿಂತ ಹೆಚ್ಚು ಎಂದು ದಿನಕರ ಚುಡಾಯಿಸಿದ. ಅವಳು ಅಲ್ಲವೆನ್ನಲಿಲ್ಲ.

ಕಾರಿನವನು ಮಾರಿದ ಮನೆಯನ್ನೂ ಅದರ ಅಕ್ಕಪಕ್ಕದ ಮನೆಗಳನ್ನೂ ಕೊಂಡದ್ದು ಕೊಚ್ಚಿಯ ಕಾರ್ತಿಕೇಯ. ಹಳೆಯ ಮನೆಗಳನ್ನು ಹೋಟೆಲು ಮಾಡುವುದು ಅವನ ಕಸುಬು. ಒಳ್ಳೆಯ ಮಾತುಗಾರ, ಬಿಳಿ ಲಿನನ್ ಅಂಗಿಯ ಮನುಷ್ಯ. ಬಂದ ದಿನವೇ ವೇದವತಿಯ ಕಾಲು ಮುಟ್ಟಿ, "ಅಮ್ಮಾ, ನಿಮ್ಮ ನಿಯಮ ನನಗೆ ವೇದವಾಕ್ಯ," ಎಂದ. ಅವಳು ಉಬ್ಬಿಹೋದಳು. ಅವನೂ ಸುಳ್ಳು ಹೇಳಿರಲಿಲ್ಲ. ಮುಂದಿನ ಗೋಡೆಯನ್ನು ಕಬ್ಬಿಣದ ಕಂಬಗಳಿಂದ ಆನಿಸಿ ನಿಲ್ಲಿಸಿ, ಅದರ ಹಿಂದಿನ ಒಳಾಂಗಳ, ಪಡಸಾಲೆ, ಅಡುಗೆಮನೆ, ಬಾವಿ ಎಲ್ಲವನ್ನೂ ಜೆಸಿಬಿ ತಂದು ಬಗೆದು ಹಾಕಿದ. ಅಲ್ಲಿ ಈಜುಕೊಳ ಬಂತು, ಕಾಂಕ್ರೀಟಿನ ಕೋಣೆಗಳು ಬಂದವು. ಬೀದಿಯಲ್ಲಿ ನಿಂತು ನೋಡಿದರೆ ಒಂದು ಹೆಂಚೂ ಕದಲಿರಲಿಲ್ಲ. ಎಣ್ಣೆ ಬಳಿದ ಕಿಟಕಿಗಳು ಮೊದಲಿಗಿಂತ ಚೆನ್ನಾಗಿ ಕಾಣುತ್ತಿದ್ದವು. ಕೊಂದು, ಒಳಗಿನದನ್ನೆಲ್ಲ ತೆಗೆದು, ಹುಲ್ಲು ತುಂಬಿ ನಿಲ್ಲಿಸಿದ ಹುಲಿಯ ಹಾಗೆ.

ಅದನ್ನೂ ವೇದವತಿ ನುಂಗಿಕೊಂಡಳು. ಅವರವರ ಮನೆಯ ಒಳಗು ಅವರವರದು ಎಂದು ಸಮಾಧಾನ ಹೇಳಿಕೊಂಡಳು. ಹೋಟೆಲು ತೆರೆಯುವ ಹಿಂದಿನ ದಿನ ಮಾತ್ರ ನುಂಗಲಾಗದ್ದು ನಡೆಯಿತು. ಕಾರ್ತಿಕೇಯ ತನ್ನ ಜಗಲಿಯ ಎರಡೂ ಕಡೆಗೆ ಆಳೆತ್ತರದ ಮರದ ಜಾಲರಿಯ ಬಾಗಿಲು ನಿಲ್ಲಿಸಿ ಬೀಗ ಹಾಕಿಸಿದ್ದ. ತೇಗದ್ದು, ಕೆತ್ತನೆಯದ್ದು, ನೋಡಲು ಬಹಳ ಚಂದ. ಅತಿಥಿಗಳ ಏಕಾಂತಕ್ಕೆ ಭಂಗ ಬರಬಾರದಲ್ಲ ಎಂದ.

ಆ ಸಂಜೆ ಶಾಂತಕ್ಕನ ವಾಕರಿನ ಟಕ್ ಟಕ್ ಜಾಲರಿಯ ಆಚೆಗೇ ನಿಂತಿತು. "ವೇದಾ, ಎಂತದು ಇದು? ಯಾರಾದ್ರೂ ಸತ್ತಿದ್ದಾರಾ ಬಾಗಿಲು ಹಾಕ್ಲಿಕ್ಕೆ?" ಎಂದು ಅವರು ಕೂಗಿದ್ದು ಜಾಲರಿಯ ತೂತುಗಳಿಂದ ಕೇಳಿಸಿತು. ಈಚೆ ಜಾಲರಿಯಿಂದ ಆಚೆ ಜಾಲರಿಯವರೆಗೆ ಹೂಕುಂಡಗಳು, ಬೆತ್ತದ ಕುರ್ಚಿಗಳು. ಶಾಂತಕ್ಕನ ಮುಖ ಸರಿಯಾಗಿ ಕಾಣಿಸಲೇ ಇಲ್ಲ.

ಮರುದಿನವೇ ವೇದವತಿ ಯೋಜನಾ ಕಚೇರಿಗೆ ಹೋದಳು. ಅಲ್ಲಿ ನಂದಿತಾ ಎಂಬ ಅಧಿಕಾರಿ. ವಯಸ್ಸು ಕಡಿಮೆ, ಮಾತು ಮೃದು, ಕುರ್ಚಿ ಎಳೆದು ಕೊಟ್ಟು ಕೂರಿಸಿದಳು. ನಕ್ಷೆ ತೆಗೆದಳು, ನಿಯಮ ತೆಗೆದಳು.

"ಮೇಡಂ, ನಿಯಮ ಇರುವುದು ಬೀದಿಗೆ ಮುಖ ಮಾಡಿದ ಭಾಗಕ್ಕೆ. ಜಾಲರಿ ಇರುವುದು ಮಗ್ಗುಲಲ್ಲಿ. ಅದೂ ಬಿಚ್ಚಿ ತೆಗೆಯುವಂಥದ್ದು, ನಿರ್ಮಾಣ ಅನ್ನಿಸಿಕೊಳ್ಳುವುದಿಲ್ಲ."

"ಜನ ನಡೆಯುವ ದಾರಿ ಅಲ್ಲವಾ ಅದು?"

"ದಾಖಲೆಯಲ್ಲಿ ಅದು ಅವರವರ ಖಾಸಗಿ ಜಗಲಿ. ಜನ ಅದರ ಮೇಲೆ ನಡೆಯುತ್ತಿದ್ದರು ಅಂತ ನಿಮ್ಮ ಮನವಿಯಲ್ಲಿ ಎಲ್ಲಾದರೂ ಇದೆಯಾ? ನಾನು ಹುಡುಕಿದೆ. ಕಿಟಕಿಯ ಪಟ್ಟಿಯ ದಪ್ಪ ಕೂಡ ಬರೆದಿದ್ದೀರಿ. ಇದೊಂದು ಇದ್ದಿದ್ದರೆ ನಾನೇ ನೋಟಿಸು ಕೊಡುತ್ತಿದ್ದೆ."

ವೇದವತಿ ತನ್ನ ಮನವಿಯನ್ನು ಎಳೆದುಕೊಂಡು ಕೊನೆಯವರೆಗೆ ಓದಿ ನೋಡಿದಳು. ಇಡೀ ಬೀದಿಯನ್ನು ಅಳೆದವಳು ಜಗಲಿಯ ಮೇಲೇ ನಿಂತು ಅಳೆದಿದ್ದಳು. ಟೇಪಿನ ಇನ್ನೊಂದು ತುದಿ ಹಿಡಿದು ಜಗಲಿಯುದ್ದಕ್ಕೂ ನಡೆದದ್ದು ಬೇರೆ ಯಾರೂ ಅಲ್ಲ, ಶಾಂತಕ್ಕನೇ. ಆದರೂ ಬರೆಯಬೇಕೆಂದು ತೋಚಿರಲಿಲ್ಲ. ನಡಿಗೆಗೆ ಎಲ್ಲಿಯ ಅಳತೆ?

ಹಾಗಿದ್ದರೆ ಶಾಂತಕ್ಕನ ಮನೆಯ ಮುಂದೆ ವಾಕರ್ ಇಳಿಯುವಂತೆ ಒಂದು ಸಣ್ಣ ಇಳಿಜಾರಾದರೂ ಕಟ್ಟಬಹುದೇ ಎಂದು ಕೇಳಿದಳು. ಕೇಳುವಾಗಲೇ ಉತ್ತರ ಗೊತ್ತಿತ್ತು. ನಂದಿತಾ ಪುಟ ತಿರುವಿ, ಹೊಸ ಇಳಿಜಾರು ಕಟ್ಟಬಾರದೆಂದು ವೇದವತಿಯೇ ಬರೆದ ಸಾಲಿನ ಮೇಲೆ ಬೆರಳಿಟ್ಟಳು. ಸಿವಿಲ್ ಕೋರ್ಟಿಗೆ ಹೋಗಬಹುದು ಮೇಡಂ, ದಾರಿಯ ಹಕ್ಕು ಕೇಳಬಹುದು, ವರ್ಷಗಳು ಹಿಡಿಯುತ್ತವೆ ಎಂದಳು. ಶಾಂತಕ್ಕನ ವಯಸ್ಸೆಷ್ಟು ಎಂದು ಅವಳು ಕೇಳಲಿಲ್ಲ, ಅಷ್ಟು ದಯೆ ಇತ್ತು.

ಮನೆಗೆ ಬಂದು ದಿನಕರನಿಗೆ ಹೇಳಿದಳು. ಅವನು ಕನ್ನಡಕ ತೆಗೆದು, "ಅಂತೂ ಎಲ್ಲ ಕಾನೂನು ಪ್ರಕಾರವೇ ಉಂಟು. ಇನ್ನು ನಿನ್ನ ಹತ್ರ ಆಕ್ಷೇಪಣೆ ತೆಗೀಲಿಕ್ಕೆ ಎಂತದ್ದೂ ಇಲ್ಲ," ಎಂದ. ಚುಚ್ಚಿ ಹೇಳಿದ್ದಲ್ಲ, ಬೇಸರದಿಂದ ಹೇಳಿದ್ದು. ಆದರೂ ಅವಳಿಗೆ ಚುಚ್ಚಿತು.

ಕಾರ್ತಿಕೇಯನ ಬಳಿಗೂ ಹೋದಳು. ಅವನು ಏಲಕ್ಕಿ ಹಾಕಿದ ಚಹಾ ಕೊಟ್ಟ. ಜಾಲರಿ ತೆಗೆದರೆ ಈಜುಡುಗೆಯಲ್ಲಿ ಕೂತ ಅತಿಥಿಗಳ ನಡುವೆ ಬೀದಿಯವರು ತರಕಾರಿ ಚೀಲ ಹಿಡಿದು ಹೋಗುವುದು ಹೇಗೆ ಅಮ್ಮಾ ಎಂದ. ಬೇಕಾದಾಗ ಫೋನು ಮಾಡಿದರೆ ತನ್ನ ಸೆಕ್ಯೂರಿಟಿಯವರು ಶಾಂತಕ್ಕನನ್ನು ಕುರ್ಚಿ ಸಮೇತ ಎತ್ತಿ ಕೆಳಗಿಳಿಸುತ್ತಾರೆ ಎಂದ. ಇದನ್ನು ತಿಳಿಸಿದಾಗ ಶಾಂತಕ್ಕ ಕಿಡಿಕಿಡಿಯಾದರು. "ನಾನೆಂತ ಅಕ್ಕಿಮುಡಿಯಾ ಎತ್ತಿ ಇಳಿಸ್ಲಿಕ್ಕೆ? ನನ್ನ ಕಾಲು ಇನ್ನೂ ಉಂಟು. ನನಗೆ ದಾರಿ ಕೊಡ್ಲಿಕ್ಕೆ ಹೇಳು, ಸಾಕು."

ಆಮೇಲೆ ಕೆಲವು ದಿನ ವೇದವತಿಯೇ ರಸ್ತೆಯಲ್ಲಿ ಬಳಸಿ ಹೋಗಿ ಅವರನ್ನು ನೋಡಿ ಬಂದಳು. ಆದರೆ ಹೋಗಿ ಕಾಣುವುದಕ್ಕೂ ಬಂದು ಕೂರುವುದಕ್ಕೂ ವ್ಯತ್ಯಾಸವಿದೆ. ಅದು ಶಾಂತಕ್ಕನ ಮುಖದಲ್ಲೇ ಕಾಣುತ್ತಿತ್ತು. ಒಂದು ಏಕಾದಶಿಯ ಬೆಳಿಗ್ಗೆ ಅವರಿಗೆ ದೇವಸ್ಥಾನಕ್ಕೆ ಹೋಗಲೇಬೇಕೆಂದು ಹಟ ಬಂತು. ವಾಕರನ್ನು ಕೆಳಗೆ ಎಸೆದು, ತಾವು ಮೆಟ್ಟಿಲ ಮೇಲೆ ಕೂತುಕೊಂಡು, ಒಂದೊಂದಾಗಿ ಕೂತಲ್ಲಿಂದಲೇ ಜಾರಿ ಇಳಿಯತೊಡಗಿದರು. ಸೀರೆ ಮೊಣಕಾಲಿನವರೆಗೆ ಸರಿದಿತ್ತು. ಹೋಟೆಲಿನ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಅತಿಥಿಯೊಬ್ಬ ಎದ್ದು ಬಂದ. ಸಹಾಯಕ್ಕೆ ಬಂದನೆಂದು ಶಾಂತಕ್ಕ ಕೈ ಚಾಚಿದರು. ಅವನು ಚಿತ್ರ ತೆಗೆದ. ವೇದವತಿ ಓಡಿ ಬರುವಷ್ಟರಲ್ಲಿ ಅವರು ಕಡೆಯ ಮೆಟ್ಟಿಲಲ್ಲಿ ಸೆರಗು ಹೊದ್ದು ಕೂತಿದ್ದರು. "ದೇವಸ್ಥಾನ ಬೇಡ, ಒಳಗೆ ಕರ್ಕೊಂಡು ಹೋಗು," ಎಂದರು. ಆ ಹೊತ್ತಿನಲ್ಲಿ ವೇದವತಿಗೆ ಆ ಅತಿಥಿಯ ಮೇಲೆ, ಕಾರ್ತಿಕೇಯನ ಮೇಲೆ, ನಂದಿತಾಳ ಮೇಲೆ ಸಿಟ್ಟು ಬಂತು. ಎಲ್ಲರಿಗಿಂತ ಹೆಚ್ಚಾಗಿ ತನ್ನ ಮೇಲೇ ಬಂತು.

ಸುದ್ದಿ ತಿಳಿದು ಊರಿನ ಇನ್ನೊಂದು ಮೂಲೆಯ ಉಳ್ಳೂರಿನಿಂದ ಶಾಂತಕ್ಕನ ಗಂಡನ ಸೋದರಳಿಯ ಬಂದ. ಮೆಡಿಕಲ್ ಕಾಲೇಜಿನ ಹತ್ತಿರ ಅವನದೊಂದು ಫ್ಲಾಟು, ಲಿಫ್ಟು ಉಂಟು, ನೆಲ ಸಮತಟ್ಟು. ಅತ್ತೆಯನ್ನು ಕರೆದುಕೊಂಡು ಹೋದ. ಕೆಟ್ಟವನಲ್ಲ. ಇಲ್ಲಿನ ಮನೆಯನ್ನು ಕಾರ್ತಿಕೇಯ ಕೊಳ್ಳಲು ಕೇಳುತ್ತಿದ್ದಾನೆ, ದಾರಿ ಬಿಟ್ಟರೆ ಅತ್ತೆ ವಾಪಸು ಬರಲಿ, ಬಿಡದಿದ್ದರೆ ಖಾಲಿ ಮನೆ ಇಟ್ಟುಕೊಂಡು ಏನು ಮಾಡುವುದು, ಓಣಂ ಕಳೆಯುವವರೆಗೆ ನೋಡೋಣ ಎಂದ. ಶಾಂತಕ್ಕ ಕಾರಿನ ಕಿಟಕಿಯಿಂದ ವೇದವತಿಯ ಕೈ ಹಿಡಿದು, "ನೀನು ಬರೆದ್ರೆ ಸರಕಾರವೇ ಕೇಳಿದೆ. ಈ ಹೋಟೆಲಿನವನು ಕೇಳುದಿಲ್ವಾ? ಎಂತಾದ್ರೂ ಮಾಡು ಮಾರಾಯ್ತಿ," ಎಂದರು.

ಓಣಂ ಹತ್ತಿರವಾಗುವಾಗ ಕೊಚ್ಚಿಯಿಂದ ಒಂದು ಆಮಂತ್ರಣ ಬಂತು. ಹಳೆಯ ಕಟ್ಟಡಗಳನ್ನು ಪ್ರೀತಿಸುವವರ ಸಂಸ್ಥೆಯೊಂದು ಕಾರ್ತಿಕೇಯನ ಹೋಟೆಲಿಗೆ ಬಹುಮಾನ ಕೊಡುತ್ತದಂತೆ. ಬೀದಿಯ ನಿಯಮಕ್ಕೆ ಕಾರಣಳಾದ ವೇದವತಿ ವೇದಿಕೆಯ ಮೇಲೆ ನಾಲ್ಕು ಮಾತು ಆಡಬೇಕಂತೆ. ದಿನಕರ ಆಮಂತ್ರಣವನ್ನು ತಿರುಗಿಸಿ ತಿರುಗಿಸಿ ನೋಡಿ, "ಹೋಗು. ಬರವಣಿಗೆಯಲ್ಲಿ ಬಿಟ್ಟದ್ದನ್ನು ಬಾಯಲ್ಲಾದ್ರೂ ಹೇಳಿ ಬಾ," ಎಂದ. ಅವಳ ಮನಸ್ಸಿನಲ್ಲಿದ್ದದ್ದೂ ಅದೇ.

ನಿಶಾ ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಕೆಲಸ ಮಾಡುತ್ತಾಳೆ, ಅಲ್ಲೇ ಹತ್ತಿರ ಫ್ಲಾಟು. ವೇದವತಿ ರೈಲಿಳಿದು ಅಲ್ಲಿಗೆ ಹೋದಳು. ಫ್ಲಾಟಿನ ಬಾಗಿಲಲ್ಲಿ ಗಾಲಿಕುರ್ಚಿಗೆಂದು ಮಾಡಿದ ಇಳಿಜಾರನ್ನು ನೋಡುತ್ತ ನಿಂತವಳನ್ನು ಮಗಳು ಎಳೆದುಕೊಂಡು ಹೋಗಬೇಕಾಯಿತು. ರಾತ್ರಿ ಊಟಕ್ಕೆ ಕೂತಾಗ, ನಾಳೆ ಎಲ್ಲರೆದುರು ಹೇಳಿಬಿಡುತ್ತೇನೆ ಎಂದಳು.

"ವಿಟ್ಟೇಕ್ಕ್ ಅಮ್ಮೇ," ಎಂದಳು ನಿಶಾ. ಬಿಟ್ಟುಬಿಡು ಎಂದು.

"ಶಾಂತಜ್ಜಿ ನಿನ್ನನ್ನು ಸೊಂಟದಲ್ಲಿ ಹೊತ್ತುಕೊಂಡು ಆ ಜಗಲಿ ಮೇಲೆ ಉಣಿಸಿದ್ದು ನೆನಪುಂಟಾ?"

ನಿಶಾ ತಾಯಿಯ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಸಭೆ ದೊಡ್ಡದಿತ್ತು. ತಣ್ಣಗಿನ ಸಭಾಂಗಣ, ಮೆತ್ತನೆಯ ಕುರ್ಚಿ, ಪರದೆಯ ಮೇಲೆ ಕುಳತ್ತೆರುವಿನ ಹೊಳೆಯುವ ಚಿತ್ರ. ವೇದವತಿ ಬರೆದು ತಂದದ್ದನ್ನು ಮಡಚಿ ಚೀಲದಲ್ಲೇ ಬಿಟ್ಟು, ಜೀವಮಾನದಲ್ಲಿ ಮೊದಲ ಸಲ ಅಳತೆಯಿಲ್ಲದೆ ಮಾತಾಡಿದಳು. "ಈ ಜಗಲಿ ನೋಡುವುದಕ್ಕೆ ಇದ್ದದ್ದಲ್ಲ, ನಡೆಯುವುದಕ್ಕೆ ಇದ್ದದ್ದು. ಒಬ್ಬರು ಬಂದರೆ ಇನ್ನೊಬ್ಬರು ಕಾಲು ಮಡಚುತ್ತಿದ್ದರು. ನಮ್ಮ ಬೀದಿ ಎಂದರೆ ಅಷ್ಟೇ. ನಾನು ಗೋಡೆಯನ್ನು ಉಳಿಸಿದೆ, ಬೀದಿಯನ್ನು ಕಳೆದೆ," ಎಂದಳು. ವಾಕರಿನ ಸದ್ದಿನ ಬಗ್ಗೆ ಹೇಳಿದಳು, ಪತ್ರೊಡೆಯ ಬಟ್ಟಲಿನ ಬಗ್ಗೆ ಹೇಳಿದಳು. ಜಾಲರಿಯ ಬೀಗ ತೆಗೆಯಿರಿ ಎಂದು ಕಾರ್ತಿಕೇಯನ ಹೆಸರು ಹಿಡಿದೇ ಕೇಳಿಕೊಂಡಳು.

ಆಮೇಲೆ ಚಪ್ಪಾಳೆ. ಜನ ಎದ್ದು ನಿಂತು ತಟ್ಟಿದರು. ರೇಷ್ಮೆ ಸೀರೆಯ ಹೆಂಗಸರು ಕಣ್ಣೊರೆಸಿಕೊಂಡರು. ಎಲ್ಲರಿಗಿಂತ ಮೊದಲು ಎದ್ದವನು ಕಾರ್ತಿಕೇಯ. ಹತ್ತಿರ ಬಂದು ಎರಡೂ ಕೈ ಹಿಡಿದು, "ಅಮ್ಮಾ, ಎಂಥ ಮಾತು ಹೇಳಿದಿರಿ! ಈ ಮಾತನ್ನು ನಾನು ಹಾಗೇ ಬಿಡುವುದಿಲ್ಲ. ಏನಾದರೂ ಮಾಡುತ್ತೇನೆ," ಎಂದ. ಅವನ ಕಣ್ಣು ನಿಜಕ್ಕೂ ತೇವವಾಗಿತ್ತು.

ವೇದವತಿ ಹೊರಗೆ ಬಂದವಳೇ ಉಳ್ಳೂರಿಗೆ ಫೋನು ಮಾಡಿದಳು. "ಶಾಂತಕ್ಕ, ತೆಗೀತಾರೆ ಅಂತ ಕಾಣ್ತದೆ. ಮನೆ ಕೊಡ್ಬೇಡಿ ಅಂತ ಅಳಿಯನಿಗೆ ಹೇಳಿ."

"ನನಗೆ ಗೊತ್ತಿತ್ತು," ಎಂದರು ಶಾಂತಕ್ಕ. "ಕೆಸುವಿನ ಎಲೆ ಇನ್ನೂ ಸಿಗ್ತದಾ ಅಲ್ಲಿ?"

ಅವಳು ಊರಿಗೆ ಮರಳಿದ ಮೇಲೆ ದಿನವೂ ಜಗಲಿಯ ಮೇಲೆ ಜಾಲರಿಯವರೆಗೆ ಹೋಗಿ ನೋಡಿದಳು. ಬೀಗ ಹಾಗೇ ಇತ್ತು. ಅತ್ತ ಅಳಿಯ ಓಣಂ ಕಳೆದರೂ ಮನೆ ಮಾರದೆ ತಡೆದ, ಅತ್ತೆಯ ಹಟಕ್ಕೆ. ಒಂದು ಬೆಳಿಗ್ಗೆ ಹೋಟೆಲಿನ ಕಡೆಯಿಂದ ಡ್ರಿಲ್ಲಿನ ಸದ್ದು ಕೇಳಿಸಿತು. ವೇದವತಿ ಕೈಯಲ್ಲಿದ್ದ ಸೌಟು ಇಟ್ಟು ಓಡಿದಳು. ಬಡಗಿಯೊಬ್ಬ ಜಾಲರಿಯ ಮುಂದೆ ಕೂತಿದ್ದ. ಬಿಚ್ಚುತ್ತಿದ್ದಾನೆ ಎಂದುಕೊಂಡಳು, ಅವಳ ಕಣ್ಣಲ್ಲಿ ನೀರೇ ಬಂತು. ಅಲ್ಲೇ ನಿಂತು ಫೋನು ಒತ್ತಿದಳು. ಅತ್ತ ಶಾಂತಕ್ಕ ಎತ್ತಿಕೊಳ್ಳುವುದಕ್ಕೂ ಬಡಗಿ ಪಕ್ಕಕ್ಕೆ ಸರಿಯುವುದಕ್ಕೂ ಸರಿಹೋಯಿತು.

ಜಾಲರಿಯ ಮೇಲೆ ಹೊಳೆಯುವ ಹಿತ್ತಾಳೆಯ ಫಲಕ. ಇಂಗ್ಲಿಷಿನಲ್ಲಿ, ಅಂದವಾದ ಅಕ್ಷರಗಳಲ್ಲಿ, 'ಈ ಜಗಲಿ ನೋಡುವುದಕ್ಕೆ ಇದ್ದದ್ದಲ್ಲ, ನಡೆಯುವುದಕ್ಕೆ ಇದ್ದದ್ದು. ಒಬ್ಬರು ಬಂದರೆ ಇನ್ನೊಬ್ಬರು ಕಾಲು ಮಡಚುತ್ತಿದ್ದರು.' ಅದರ ಕೆಳಗೆ, 'ವೇದವತಿ, ಈ ಬೀದಿಯ ನಿವಾಸಿ.' ಇನ್ನೂ ಕೆಳಗೆ ಸಣ್ಣದಾಗಿ, 'ಅತಿಥಿಗಳಿಗೆ ಮಾತ್ರ ಪ್ರವೇಶ.'

"ಹಲೋ, ವೇದಾ? ತೆಗೆದ್ರಾ?"

"ಬೋರ್ಡು ಹಾಕಿದ್ದಾರೆ ಶಾಂತಕ್ಕ."

"ಎಂತ ಬೋರ್ಡು? ಎಂತ ಬರೆದಿದ್ದಾರೆ?"

"ನಾನು ಹೇಳಿದ್ದು. ನನ್ನ ಹೆಸರು ಉಂಟು."

"ನಿನ್ನ ಹೆಸರು ಹಾಕಿದ್ದಾರಾ!" ಶಾಂತಕ್ಕನ ದನಿ ಅರಳಿತು. "ಹಾಗಾದ್ರೆ ಇನ್ನೆಂತ ಬೇಕು? ಅಲ್ಲಿದ್ದವನಿಗೆ ಹೇಳು, ಇದು ನಾನೇ, ನಾಳೆ ನಮ್ಮ ಶಾಂತಕ್ಕ ಬರ್ತಾರೆ, ಬಾಗಿಲು ತೆಗೆದಿಡಿ ಅಂತ. ಹೇಳ್ತಿ ಅಲ್ವಾ? ವೇದಾ?"

ರಸ್ತೆಯಲ್ಲಿ ನಿಂತಿದ್ದ ಅತಿಥಿಯೊಬ್ಬಳು ಮೊಬೈಲು ಎತ್ತಿ ಹಿಡಿದು, ಫಲಕದ ಚಿತ್ರ ತೆಗೆಯಬೇಕು, ದಯವಿಟ್ಟು ಸ್ವಲ್ಪ ಸರಿಯುತ್ತೀರಾ ಎಂದು ಕೇಳಿದಳು. ವೇದವತಿ ಸರಿದು ನಿಂತಳು.